ಸಿಂಧು ಅಕ್ಕನ ಬೋಣಿ

"ಏನ್ ಮಾತಾಡಿ ಕಳಿಸೀರಿ ಅಕ್ಕಾ ನೀವು? ವ್ಯಾಸ ಗಿಟಾರ್ ಚೀಲಕ್ಕ ಹಾಕಿ ಜಿಪ್ ಎಳದು ಕುಂತಾನ. ನಾಳಿ ಕಾರ್ಯಕ್ರಮಕ್ಕ ನಾ ಬರಂಗಿಲ್ಲ ಅಂತಾನ."

ಮಾರೇಶ ಶಾಲೆಯ ಗೇಟಿನಾಚೆ ನಿಂತೇ ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದ. ತಲೆಗೂದಲಿಗೆ, ಹುಬ್ಬಿಗೆ ಅಕ್ಕಿಯ ತೌಡು ಮೆತ್ತಿಕೊಂಡು, ಮೀಸೆ ಈಗಷ್ಟೇ ದಪ್ಪವಾಗುತ್ತಿದ್ದ ಹುಡುಗ ಅಜ್ಜನ ಹಾಗೆ ಕಾಣುತ್ತಿದ್ದ. ಸಿರುಗುಪ್ಪದ ಒಂದು ರೈಸ್‌ಮಿಲ್ಲಿನಲ್ಲಿ ಅವನಿಗೆ ಕೆಲಸ. ಅದು ಹೊಟ್ಟೆಪಾಡು. ಬಿಡುವು ಸಿಕ್ಕಾಗೆಲ್ಲ ಬಳ್ಳಾರಿಗೆ ಓಡಿ, ‘ಹಗರಿ’ ಅನ್ನುವ ರಾಕ್ ಬ್ಯಾಂಡಿಗೆ ಡ್ರಮ್ಸ್ ಬಾರಿಸುವುದು ಅವನ ಬದುಕು. ಮಿಲ್ಲಿನಿಂದ ಕೈಯನ್ನೂ ತೊಳೆಯದೆ ಬಂದಿದ್ದಾನೆಂದರೆ ವಿಷಯ ಸಣ್ಣದಲ್ಲ ಎಂದು ಸಿಂಧುವಿಗೆ ಗೊತ್ತಾಯಿತು.

"ನಾ ಏನಂದೆ ಈಗ? ಚಲೋ ಅದ ಅಂತನೂ ಅಂದೀನಲ್ಲೋ."

"ಚಲೋ ಅಂದದ್ದು ಯಾರ್ ಕೇಳ್ಯಾರ್ರಿ? ‘ವ್ಯಾಸನ ಗಿಟಾರ್ ಎಲ್ಲಿ ಹೋತು’ ಅಂದ್ರಲ್ಲ, ಅದೊಂದೇ ಊರೆಲ್ಲ ತಿರಗಾಕತ್ತೈತಿ. ಬೋಣಿನೇ ಕೆಟ್ಟ ಹೋತಲ್ಲ ಅಕ್ಕಾ!"

ಬೋಣಿ ಎಂದನಲ್ಲ, ಅದನ್ನು ಸ್ವಲ್ಪ ಹೇಳಬೇಕು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಹುಸೇನಬಾಷಾ ಅವರ ಗಾದಿ ಅಂಗಡಿ ಇದೆ. ಮುಂದೆ ಹೊಲಿದಿಟ್ಟ ಗಾದಿ, ದಿಂಬು. ಹಿಂದೆ ಹತ್ತಿ ತುಂಬಿದ ಕೋಣೆ. ಬೆಳಿಗ್ಗೆ ಬಂದ ಮೊದಲ ಗಿರಾಕಿಯನ್ನು ಅವರು ಬರಿಗೈಲಿ ಕಳಿಸಿದವರಲ್ಲ. ಗಿರಾಕಿಯೂ ಮೊದಲ ವ್ಯಾಪಾರದಲ್ಲಿ ಮುಖ ಸಿಂಡರಿಸಬಾರದು, ವಸ್ತುವಿಗೆ ಹೆಸರಿಟ್ಟು ಕೊಂಕು ತೆಗೆಯಬಾರದು. ಬೋಣಿ ಚೆನ್ನಾಗಿ ಆದರೆ ದಿನವೆಲ್ಲ ಚೆನ್ನ ಎಂದು ಆ ಬೀದಿಯವರೆಲ್ಲ ನಂಬಿದ್ದಾರೆ. ಕೆಲವು ವರ್ಷಗಳ ಹಿಂದೆ ಸಿಂಧು ಅತ್ತೆಗೊಂದು ದಿಂಬು ಒಯ್ಯಲು ಅಂಗಡಿ ತೆರೆಯುವ ಹೊತ್ತಿಗೇ ಹೋಗಿದ್ದಳು. ಹಿಂದಿನ ಕೋಣೆಯಿಂದ ಗಿಟಾರು, ಡ್ರಮ್ಮು, ಒಬ್ಬ ಹುಡುಗನ ಒಡಕು ದನಿ ಎಲ್ಲ ಕೂಡಿಕೊಂಡು ಹೊರಗೆ ನುಗ್ಗುತ್ತಿದ್ದವು. "ಯಾರ್ರೀ ಅದು, ಎಷ್ಟು ಛಂದ ಹಾಡಲಿಕ್ಕತ್ತಾರ!" ಎಂದುಬಿಟ್ಟಿದ್ದಳು. ಹುಸೇನಬಾಷಾ ದಿಂಬನ್ನು ಕೈಯಲ್ಲೇ ಹಿಡಿದು ಒಳಗೆ ಕೂಗಿದ್ದರು: "ಲೇ ಶಾಕೀರ್, ನಿಮ್ಮ ಗದ್ದಲಕ್ಕ ಬೋಣಿ ಆತು ನೋಡ್ರಲೇ!"

ಅಂದಿನಿಂದ ಅದೇ ಪದ್ಧತಿಯಾಯಿತು. ಹುಸೇನಬಾಷಾರ ಮಗ ಶಾಕೀರ್ ಹಾಡುವವನು, ವೇದವ್ಯಾಸ ಗಿಟಾರಿನವನು, ಮಾರೇಶ ಡ್ರಮ್ಸಿನವನು. ಅವರು ಏನೇ ಹೊಸದು ಮಾಡಲಿ, ಮೊದಲ ಮಾತು ಸಿಂಧು ಅಕ್ಕನದು. ‘ಹಗರಿ ಬಳಗ’ ಎಂಬ ವಾಟ್ಸಾಪ್ ಗುಂಪಿನಲ್ಲಿ ಅವಳ ದನಿ ಬರುವವರೆಗೆ ಉಳಿದವರು ಬಾಯಿಬಿಡುವುದಿಲ್ಲ. ಸಿರುಗುಪ್ಪದ ಹೈಸ್ಕೂಲಿನಲ್ಲಿ ಗಣಿತ ಹೇಳುವ ಸಿಂಧುವಿಗೆ ಈ ಮರ್ಯಾದೆ ಒಳಗೊಳಗೇ ಬಹಳ ಸಿಹಿ. ಹೊರಗೆ ಮಾತ್ರ, "ನನಗೇನು ತಿಳೀತದ ಮ್ಯೂಜಿಕ್ಕು" ಎನ್ನುತ್ತಿದ್ದಳು.

ನಿನ್ನೆ ಅವರ ಎರಡನೇ ಆಲ್ಬಮ್ ಬಂದಿತ್ತು. ಹೆಸರು ‘ಎರಡನೇ ಪಾಳಿ’. ಮೊದಲನೆಯದನ್ನು ಗಾದಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗೋಡೆಗೆಲ್ಲ ಗಾದಿ ಆನಿಸಿ, ಒಂದೇ ಮೈಕಿಗೆ ಹಾಡಿ ಮಾಡಿದ್ದರು. ಇದನ್ನು ಹುಬ್ಬಳ್ಳಿಯ ಸ್ಟುಡಿಯೋಕ್ಕೆ ಹೋಗಿ ಮಾಡಿದ್ದು. ಸಿಂಧು ಸಿರುಗುಪ್ಪದಿಂದ ಮನೆಗೆ ಮರಳುವ ಬಸ್ಸಿನಲ್ಲಿ ಕೇಳಿ, ಬಳ್ಳಾರಿ ಮುಟ್ಟುವ ಮೊದಲೇ ಬೋಣಿ ಮಾಡಿದ್ದಳು:

"ಚಲೋ ಅದ. ಶಾಕೀರನ ದನಿ ಸ್ವಚ್ಛ ಆಗೇದ, ಮಾರೇಶ ಅಂತೂ ಮೈಮ್ಯಾಲೆ ದೇವ್ರು ಬಂದಂಗ ಬಾರಿಸ್ಯಾನ. ಆದ್ರ ನನಗ ಎಲ್ಲೋ ಖಾಲಿ ಖಾಲಿ ಅನಸ್ತು. ‘ಹತ್ತಿ ಹಾರತೈತಿ’ ಹಾಡಿನೊಳಗ ವ್ಯಾಸನ ಗಿಟಾರ್ ಎಲ್ಲಿ ಹೋತು? ಬಾಡಿಗಿಯವರು ಬಿಟ್ಟು ಹೋದ ಮನಿ ಆಗೇದ ಅದು. ಅವನ್ನ ಯಾಕ ಹೊರಗ ಹಾಕೀರಪಾ?"

ಹೇಳುವಾಗ ಚೆನ್ನಾಗಿಯೇ ಅನ್ನಿಸಿತ್ತು. ಬಾಡಿಗೆಯವರ ಮಾತು ತಾನಾಗಿ ಬಾಯಿಗೆ ಬಂದದ್ದಕ್ಕೆ ಸ್ವಲ್ಪ ಹೆಮ್ಮೆಯೂ ಆಗಿತ್ತು.

"ಅದಕ್ಯಾಕ ಅಷ್ಟು ಸಿಟ್ಟು ಅವಂಗ?" ಎಂದು ಈಗ ಮಾರೇಶನನ್ನು ಕೇಳಿದಳು. "ನಾ ಅವನ ಪರವಾಗೇ ಮಾತಾಡೀನಲ್ಲ."

"ಅಯ್ಯ, ಅಲ್ಲೇ ಐತಲ್ರಿ ಕಥಿ." ಮಾರೇಶ ಗೇಟಿನ ಸರಳು ಹಿಡಿದು ದನಿ ತಗ್ಗಿಸಿದ. "ಹುಬ್ಬಳ್ಳ್ಯಾಗ ಜಗಳ ಆಗಿತ್ತು. ಸ್ಟುಡಿಯೋದವ ಏನ್ ಮಾಡಿದ, ಶಾಕೀರನ ದನಿ ನಡುವ ಇಟ್ಟು, ವ್ಯಾಸನ ಗಿಟಾರ್ ಅಷ್ಟೂ ಎಡಕ್ಕ ಹಾಕಿದ. ಎಡಗಡಿ ಕಿವಿಗೆ. ವ್ಯಾಸ, ‘ಬ್ಯಾಡ, ನನ್ನ ಮೂಲ್ಯಾಗ ನಿಂದ್ರಸಬ್ಯಾಡ್ರಿ’ ಅಂದ. ಶಾಕೀರ, ‘ದೊಡ್ಡ ದೊಡ್ಡ ಬ್ಯಾಂಡಿನವ್ರೆಲ್ಲ ಹಿಂಗ ಮಾಡ್ತಾರ, ಎರಡು ಕಿವಿ ಇದ್ದವ್ರಿಗೆ ಕೇಳಸ್ತೈತಿ ಬಿಡು’ ಅಂದ. ಈಗ ನೀವೇ ಕೇಳಸಲಿಲ್ಲ ಅಂದ್ರ? ಬೋಣಿ ಮಾಡೋ ಅಕ್ಕಗೇ ಕೇಳಸದಿದ್ರ ನಾ ಯಾರಿಗೆ ಬಾರಸ್ಲಿ ಅಂತಾನ. ಅವಂದೂ ತಪ್ಪಿಲ್ಲ ಬಿಡ್ರಿ."

ಸಿಂಧುವಿನ ಕೈ ತಾನಾಗಿ ಕೊರಳಿಗೆ ಹೋಯಿತು. ಅಲ್ಲಿ ಅವಳ ಇಯರ್‌ಫೋನಿನ ವಯರು ಜೋತಾಡುತ್ತಿತ್ತು.

ಅವಳು ಹಾಡು ಕೇಳುವುದು ಬಲಗಿವಿಯಲ್ಲಿ ಮಾತ್ರ. ಮದುವೆಯಾದಾಗಿನಿಂದ ಹಾಗೆಯೇ. ಮನೆಯಲ್ಲಿ ಅತ್ತೆ ವೆಂಕೂಬಾಯಿ ದೇವರಮನೆಯಿಂದ "ಸಿಂಧೂ" ಅಂದರೆ "ಬಂದೆ" ಎನ್ನಬೇಕು. ಎರಡನೇ ಸಲ ಕೂಗಿಸಿಕೊಂಡರೆ ಆ ಕೂಗಿನ ಜೊತೆ ತವರುಮನೆಯೂ ಬರುತ್ತದೆ. ಬಸ್ಸಿನಲ್ಲಿ ಕಂಡಕ್ಟರ್ ಆಧಾರ್ ಕಾರ್ಡ್ ಕೇಳುತ್ತಾನೆ, ಪಕ್ಕದವರು ಮಾತಾಡಿಸುತ್ತಾರೆ. ಹಾಗಾಗಿ ಎಡಗಿವಿ ಲೋಕಕ್ಕೆ, ಬಲಗಿವಿ ತನಗೆ. ಮೊದಲ ಆಲ್ಬಮ್ಮನ್ನೂ ಹೀಗೆಯೇ ಕೇಳಿದ್ದಳು. ಗಾದಿ ಕೋಣೆಯ ಒಂದೇ ಮೈಕಿನ ಹಾಡು, ಯಾವ ಕಿವಿಯಲ್ಲಿ ಕೇಳಿದರೂ ಇಡಿಯಾಗಿ ಬರುತ್ತಿತ್ತು. ಇದು ಹಾಗಲ್ಲ ಎಂದು ಅವಳಿಗೆ ಹೊಳೆದೇ ಇರಲಿಲ್ಲ.

ಮಾರೇಶನಿಗೆ ಅಲ್ಲೇ ಹೇಳಿಬಿಡಬಹುದಿತ್ತು. ಆದರೆ ಹಿಂದೆ ಅವಳ ವಿದ್ಯಾರ್ಥಿಗಳು ಚೀಲ ಬಡಿದಾಡಿಸುತ್ತ ಮನೆಗೆ ಹೊರಟಿದ್ದರು. "ಪ್ರಶ್ನೆ ಪೂರ್ತಿ ಓದದೆ ಉತ್ತರ ಬರಿಬ್ಯಾಡ್ರಿ" ಎಂದು ಆ ಬೆಳಿಗ್ಗೆಯೂ ಅವರಿಗೆ ಬೈದಿದ್ದಳು.

"ನಾ ಮಾತಾಡ್ತೀನಿ ಅವನ ಜೋಡಿ. ಹೋಗೋ ದಾರೀಲೆ ಕುರುಗೋಡಿನ್ಯಾಗ ಅವನ ಆಫೀಸಿನ ಕಡೆ ಇಳೀತೀನಿ," ಎಂದಷ್ಟೇ ಹೇಳಿದಳು.

"ಹೆಂಗರ ಮಾಡಿ ಒಪ್ಪಸ್ರಿ ಅಕ್ಕಾ. ಅವನಿಲ್ದ ನಾ ಒಬ್ನೇ ಡಬ ಡಬ ಬಡದ್ರ ಮುನ್ಸಿಪಾಲಿಟಿಯವ್ರು ಡಂಗುರ ಹೊಡ್ಯಾಕ ಬಂದಾರ ಅಂತಾರ ಮಂದಿ," ಎಂದು ಮಾರೇಶ ನಗಲು ನೋಡಿದ. ನಗು ತೌಡಿನ ಹಿಂದೆಯೇ ಉಳಿಯಿತು.

ಕುರುಗೋಡು ಸುತ್ತಿ ಹೋಗುವ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತು, ಸಿಂಧು ಎರಡೂ ಕಿವಿಗೆ ಹಾಕಿಕೊಂಡಳು. ಎಡಗಿವಿಗೆ ಒತ್ತುವಾಗ ಯಾರಾದರೂ ನೋಡಿಯಾರು ಎಂಬಂತೆ ಸೆರಗು ಎಳೆದುಕೊಂಡದ್ದು ಯಾಕೋ ಅವಳಿಗೇ ತಿಳಿಯಲಿಲ್ಲ.

‘ಹತ್ತಿ ಹಾರತೈತಿ’ ಹಚ್ಚಿದಳು. ಶಾಕೀರ್ ತಮ್ಮ ಅಂಗಡಿಯ ಮೇಲೆಯೇ ಕಟ್ಟಿದ ಹಾಡು. ಬಲಗಿವಿಯಲ್ಲಿ ನಿನ್ನೆಯದೇ ಹಾಡು. ಎಡಗಿವಿಯಲ್ಲಿ, ದೂರದಿಂದ ನಡೆದು ಬರುತ್ತಿರುವಂತೆ, ಡಂಯ್... ಡಂಯ್... ಹುಸೇನಬಾಷಾ ಹತ್ತಿ ಹಿಂಜುವ ಬಿಲ್ಲಿನ ದನಿ! ವ್ಯಾಸ ಆ ಬಿಲ್ಲಿನ ಮಿಡಿತವನ್ನೇ ಗಿಟಾರಿಗೆ ಇಳಿಸಿದ್ದ. ಮೊದಲು ಒಂದೊಂದೇ, ಆಮೇಲೆ ಹತ್ತಿ ಹಾರಿದ ಹಾಗೆ ಹಗುರಾಗಿ, ಶಾಕೀರನ ಒಂದೊಂದು ಸಾಲಿಗೂ ಆ ಕಡೆಯಿಂದ ಓಗೊಡುತ್ತ ಬಂದಿದ್ದ. ಖಾಲಿ ಮನೆಯಲ್ಲ, ಮನೆ ತುಂಬ ಜನ ಇದ್ದರು. ಇವಳೇ ಅರ್ಧ ಬಾಗಿಲು ತೆರೆದು ಇಣುಕಿ, ಯಾರೂ ಇಲ್ಲ ಎಂದು ಊರಿಗೆಲ್ಲ ಸಾರಿ ಬಂದಿದ್ದಳು.

ಕಣ್ಣು ತುಂಬಿಕೊಂಡವು. ಪಕ್ಕದ ಹೆಂಗಸು, "ಯಾರರ ತೀರಿಕೊಂಡಾರೇನವ್ವಾ?" ಎಂದು ಕೇಳಿದ್ದು ಅವಳಿಗೆ ಕೇಳಿಸಲಿಲ್ಲ. ಆಕೆ ತೋಳು ಮುಟ್ಟಿ ಮತ್ತೆ ಕೇಳಿದಾಗ, "ಇಲ್ರೀ, ಹಾಡು," ಎಂದಳು. ಆ ಹೆಂಗಸು ಸ್ವಲ್ಪ ಸರಿದು ಕೂತಳು.

ಇನ್ನೊಂದು ಸಂಕಟವೂ ಇತ್ತು. ಪೂರ್ತಿ ಕೇಳಿದ ಮೇಲೆ ಎಲ್ಲವೂ ಹಿಡಿಸಿದ್ದರೆ ಒಂದು ತಪ್ಪೊಪ್ಪಿಗೆಯಲ್ಲಿ ಮುಗಿಯುತ್ತಿತ್ತು. ‘ಲಾರಿ ಸಾಲು’ ಕೇಳಿ ಕಾಲು ತಾನಾಗಿ ತಾಳ ಹಾಕಿತು, ಖರೆ. ಆದರೆ ಕೊನೆಯ ಹಾಡು, ಆಲ್ಬಮ್ಮಿಗೆ ಹೆಸರು ಕೊಟ್ಟ ‘ಎರಡನೇ ಪಾಳಿ’, ಎರಡು ಕಿವಿಯಲ್ಲೂ ಹಿಡಿಸಲಿಲ್ಲ. ಗಿಟಾರು ನಿಲ್ಲುವುದೇ ಇಲ್ಲ. ಶಾಕೀರನ ದನಿಗೆ ಯಾರೋ ಇಸ್ತ್ರಿ ಹೊಡೆದಿದ್ದಾರೆ. ಇದನ್ನು ಹೇಳಬೇಕೋ ಬೇಡವೋ? ಹೇಳಿದರೆ ಉರಿಯುವ ಗಾಯಕ್ಕೆ ಉಪ್ಪು. ಹೇಳದಿದ್ದರೆ ಮತ್ತೆ ಅರ್ಧವೇ ಹೇಳಿದ ಹಾಗೆ. ಯೋಚಿಸುತ್ತಿರುವಾಗಲೇ ಕುರುಗೋಡಿನ ಬಂಡೆಗುಡ್ಡ ಕಿಟಕಿಗೆ ಬಂತು.

ವೇದವ್ಯಾಸ ಅಲ್ಲಿನ ಒಂದು ಸಹಕಾರ ಸಂಘದಲ್ಲಿ ಗುಮಾಸ್ತ. ಮನೆ ಬಳ್ಳಾರಿ. ಶನಿವಾರ ಸಂಜೆ ಅಭ್ಯಾಸವಿರುವುದರಿಂದ ಗಿಟಾರನ್ನು ಕೆಲಸಕ್ಕೇ ತಂದು, ಅಲ್ಲಿಂದಲೇ ಬ್ರೂಸ್‌ಪೇಟೆಗೆ ಹೋಗುವುದು ಅವನ ವಾಡಿಕೆ. ಅವತ್ತೂ ತಂದಿದ್ದ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಗಿಟಾರಿನ ಚೀಲ, ಮಾರೇಶ ಹೇಳಿದಂತೆ ಜಿಪ್ ಎಳೆದದ್ದು.

"ಬರ್ರಿ ಅಕ್ಕಾ. ಖಾಲಿ ಮನಿ ನೋಡ್ಲಿಕ್ಕೆ ಬಂದ್ರೇನು?"

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಸಿಂಧುವಿಗೆ ಮರೆತುಹೋಯಿತು. ಬಾಯಿಗೆ ಬಂದದ್ದು ಸುಳ್ಳು.

"ಮತ್ತೊಮ್ಮೆ ಕೇಳಿದೆ ವ್ಯಾಸ. ನಿನ್ನೆ ನನ್ನ ಫೋನಿನೊಳಗ ಏನೋ ತೊಂದ್ರಿ ಇತ್ತು ಕಾಣಸ್ತದ. ಇವತ್ತ ಎಲ್ಲಾ ಛಂದ ಕೇಳಸ್ತು."

"ಹೊಸಾ ಫೋನ್ ತಗೊಂಡ್ರೇನು?"

"ಇಲ್ಲ, ಇದೇ..."

"ಮತ್ತ ಒಂದು ದಿನದಾಗ ಅದಕ್ಕ ಬುದ್ಧಿ ಬಂತೇನು? ನೀವು ಸಾಲಿಗೆ ಕರಕೊಂಡು ಹೋಗಿ ಗಣಿತ ಹೇಳಿಕೊಟ್ರೇನೋ."

ಅವನ ಮುಖದಲ್ಲಿ ನಗು ಇರಲಿಲ್ಲ. ಸಿಂಧು ಬೆಂಚಿನ ಇನ್ನೊಂದು ತುದಿಗೆ ಕೂತಳು. ಗಿಟಾರಿನ ಚೀಲ ನಡುವೆ ಇತ್ತು.

"ಸುಳ್ಳು ಹೇಳಿದೆ," ಎಂದಳು. "ಫೋನ್ ನೆಟ್ಟಗೇ ಅದ. ನಾನೇ ಒಂದು ಕಿವೀಲೆ ಕೇಳಿದ್ದೆ. ಯಾವತ್ತೂ ಬಲಗಿವಿ ಒಂದರಲ್ಲೇ ಕೇಳೋದು ನಾನು. ಈ ಎಡಗಿವಿ ನಮ್ಮತ್ತಿಯವ್ರದು ವ್ಯಾಸ. ಅವ್ರು ಕರದ್ರ ಕೇಳಸಬೇಕಲ್ಲ, ಅದಕ್ಕ ಖಾಲಿ ಬಿಟ್ಟಿರ್ತೀನಿ."

ವ್ಯಾಸ ಅವಳನ್ನೇ ನೋಡಿದ. ಒಂದು ಕ್ಷಣ ತುಟಿ ಬಿರಿಯಿತು. "ಅಂದ್ರ ನಮ್ಮ ಸ್ಟುಡಿಯೋದವ ನನ್ನ ಒಯ್ದು ವೆಂಕೂಬಾಯಿಯವ್ರ ಕಿವಿಯೊಳಗ ನಿಂದ್ರಸಿದ್ನೇನು?" ಎಂದ. ಆಮೇಲೆ ನಗು ಬಂದಷ್ಟೇ ಬೇಗ ಹೋಯಿತು. "ಅಂದ್ರ ನೀವು ನನ್ನ ಕೇಳೇ ಇಲ್ಲ. ಕೇಳದೇ ಇಲ್ಲ ಅಂದುಬಿಟ್ರಿ."

"ಹೌದು."

"ನಿನ್ನೆಯಿಂದ ಬಳಗದೊಳಗ ಒಬ್ಬೊಬ್ಬರೂ ಬರಿಲಿಕ್ಕತ್ತಾರ ಅಕ್ಕಾ. ‘ಶಾಕೀರ ವ್ಯಾಸನ್ನ ತುಳದ, ವ್ಯಾಸನ್ನ ಮುಗಿಸಿದ’ ಅಂತ. ನನಗೂ ಖರೇನೇ ಅನಸ್ತು. ಮುಂಜಾನೆ ಅವಂಗ ಫೋನ್ ಮಾಡಿ ಏನೇನೋ ಅಂದೆ. ಅವರಪ್ಪನ ಅಂಗಡಿ ಉಪ್ಪುಂಡವ ನಾನು, ಅಂಥಾ ಮಾತು ಅನಬಾರದಿತ್ತು."

ಬೋಣಿ ಮಾಡಿದ ಮೇಲೆ ಗುಂಪನ್ನು ತೆರೆದೇ ನೋಡಿರದ ಸಿಂಧುವಿಗೆ ಇದೊಂದೂ ಗೊತ್ತಿರಲಿಲ್ಲ. ತನ್ನ ಒಂದು ಮಾತು ಎಲ್ಲೆಲ್ಲಿ ಹೊಕ್ಕು ಬಂದಿದೆ ಎಂದು ತಿಳಿದು ಕೂತಲ್ಲಿಯೇ ಕುಗ್ಗಿದಳು. ಎದುರಿಗೆ ಬಸ್ಸೊಂದು ಬಂದು, ಜನ ಇಳಿದು, ಧೂಳೆಬ್ಬಿಸಿ ಹೋಯಿತು.

"ಈಗ ಎರಡೂ ಕಿವೀಲೆ ಕೇಳೀರಲ್ಲ," ಎಂದ ವ್ಯಾಸ. "ಈಗ ಹೇಳ್ರಿ. ಹೆಂಗದ?"

"‘ಹತ್ತಿ ಹಾರತೈತಿ’ ಕೇಳಿ ಬಸ್ಸಿನ್ಯಾಗ ಅತ್ತುಬಿಟ್ಟೆ. ಆ ಬಿಲ್ಲಿನ ದನಿ ಎಲ್ಲಿಂದ ಹಿಡದ್ಯೋ ಮಾರಾಯ!"

"ಅದು ಬಿಡ್ರಿ. ಉಳದದ್ದು?"

ಸಿಂಧು ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡಳು. "ಕಡೀ ಹಾಡು ನನಗ ಸೇರಲಿಲ್ಲ. ನೀ ನಿಂದ್ರೋದೇ ಇಲ್ಲ. ಶಾಕೀರಗ ಉಸಿರು ತಗೊಳ್ಳಿಕ್ಕೂ ಜಾಗಾ ಬಿಟ್ಟಿಲ್ಲ. ಮತ್ತ ಅವನ ದನಿನೂ ಅಷ್ಟು ನುಣ್ಣಗ ಆಗಬಾರದಿತ್ತು. ಗಾದಿ ಅಂಗಡೀ ಧೂಳು ಬೇಕಿತ್ತು ನನಗ, ಆ ಕೆಮ್ಮು, ಆ ಒಡಕು."

ಹೇಳಿ ಮುಗಿಸಿದ ಮೇಲೆ ಹೇಳಬಾರದಿತ್ತು ಅನ್ನಿಸಿತು. ವ್ಯಾಸ ಚೀಲದ ಜಿಪ್ಪನ್ನು ಎರಡು ಬೆರಳು ತೆರೆದು ಮತ್ತೆ ಮುಚ್ಚಿದ.

"ಕಡೀ ಹಾಡಿನ ಮಾತು ಖರೆ ಇರಬಹುದು. ಶಾಕೀರನೂ ಅದನ್ನೇ ಅಂದಿದ್ದ," ಎಂದ. "ಆದ್ರ ಧೂಳು ಅಂದ್ರಲ್ಲ ಅಕ್ಕಾ. ಆ ಧೂಳು ಬಿಟ್ಟು ಹೊರಗ ಬರಬೇಕಂತ ನಾವು ಎಷ್ಟು ಒದ್ದಾಡೀವಿ! ಹತ್ತಿ ಧೂಳಿಗೆ ಶಾಕೀರ ಮುಂಜಾನೆದ್ದು ಎಷ್ಟು ಕೆಮ್ಮತಿದ್ದ ಗೊತ್ತದೇನು? ನಿಮಗ ನಾವು ಇನ್ನೂ ಅಲ್ಲೇ ಕುಂತಿರಬೇಕು. ನೀವು ದಿಂಬು ಒಯ್ಯಲಿಕ್ಕೆ ಬಂದಾಗ ಹೆಂಗಿದ್ವಿ, ಹಂಗೇ."

ಒಂದೇ ಕಿವಿಯಲ್ಲಿ ಕೇಳಿದ ತಪ್ಪಿಗೆ ವಯರಿನ ನೆಪವಾದರೂ ಇತ್ತು. ಇದಕ್ಕೆ ಏನೂ ಇಲ್ಲ. ಅವರು ದೊಡ್ಡವರಾಗಲಿ ಎಂದು ಬಾಯಲ್ಲಿ ಹರಸುತ್ತ, ತಾನು ಮೊದಲು ಕಂಡ ಕೋಣೆಯಿಂದ ಕದಲದಿರಲಿ ಎಂದು ಒಳಗೇ ಬಯಸಿದ್ದಳೇ? ಹೌದು ಅನ್ನಿಸಿತು. ಅಂಥ ಬಯಕೆ ತನ್ನದೆಂದು ಅವಳಿಗೇ ನಾಚಿಕೆಯಾಯಿತು.

ಬಳ್ಳಾರಿ ಬಸ್ಸು ಬಂತು.

"ಬಾ, ಕೂಡೇ ಹೋಗೋಣ. ಅಭ್ಯಾಸ ಅದಲ್ಲ ಇವತ್ತ?"

"ನೀವು ಹೋಗ್ರಿ. ನಾ ಮುಂದಿನದಕ್ಕ ಬರ್ತೀನಿ." ಅವನು ಏಳಲಿಲ್ಲ. "ಮತ್ತ, ನನಗೊಬ್ಬಗ ಹೇಳಿದ್ರ ಏನು ಬಂತು ಅಕ್ಕಾ? ಅಲ್ಲಿ ಹೇಳಿದ್ದನ್ನ ಅಲ್ಲೇ ಹೇಳ್ರಿ."

ಬಸ್ಸು ಊರು ದಾಟುವ ಮೊದಲೇ ಸಿಂಧು ಫೋನು ಬಾಯಿಗೆ ಹಿಡಿದಳು. "ನಾ ಸಿಂಧು ಮಾತಾಡ್ಲಿಕ್ಕತ್ತೀನಿ. ನಿನ್ನೆ ನಾ ಹೇಳಿದ್ದು ತಪ್ಪು..." ಎಂದು ಶುರು ಮಾಡಿದಳು, ಬಸ್ಸಿನ ಗದ್ದಲಕ್ಕೆ ದನಿ ಏರಿಸಿ ಹೇಳಬೇಕಾಯಿತು. ಹೀಗಾಗಿ ಹಿಂದಿನ ಸೀಟಿನವರಿಗೂ ಮುಂದಿನ ಸೀಟಿನವರಿಗೂ ಅವಳ ಬಲಗಿವಿ, ಎಡಗಿವಿ, ಅತ್ತೆ, ಅರ್ಧ ಕೇಳಿ ಪೂರ್ತಿ ಮಾತಾಡಿದ ಕಥೆ ಎಲ್ಲ ತಿಳಿದುಹೋಯಿತು. ಕೊನೆಯ ಹಾಡು ಹಿಡಿಸಲಿಲ್ಲ ಎಂಬುದನ್ನೂ ಬಿಡಲಿಲ್ಲ. ಅದು ತನ್ನ ರುಚಿಯ ದೋಷವೂ ಇರಬಹುದು ಎಂದು ಸೇರಿಸಿದಳು. ಕಂಡಕ್ಟರ್ ಪಾಪ, ಅವಳು ಮುಗಿಸುವ ತನಕ ಕಾದು, "ಆತೇನ್ರಿ ಮೇಡಂ? ಈಗ ಆಧಾರ್ ತೋರಸ್ರಿ," ಎಂದ.

ಗುಂಪಿನಲ್ಲಿ ಮೊದಲು ಬರೆದವಳು ಆಯೇಶಾ, ಡಿಗ್ರಿ ಓದುವ ಹುಡುಗಿ, ಬ್ಯಾಂಡಿನ ಕಾರ್ಯಕ್ರಮಗಳಲ್ಲಿ ಎಲ್ಲರಿಗಿಂತ ಮುಂದೆ ನಿಂತು ಕುಣಿಯುವವಳು: "ನಂಗ ಗಿಟಾರ್ ಕೇಳಿಸಿತ್ತು ಅಕ್ಕ. ನೀವು ಇಲ್ಲ ಅಂದ್ರಿ, ಹಂಗಾರ ಇರಲಿಕ್ಕಿಲ್ಲ ಅಂದ್ಕೊಂಡೆ. ಇನ್ಮ್ಯಾಲೆ ನಾ ಕೇಳಿದ್ದು ನಾನೇ ಹೇಳ್ತೀನಿ." ಕೆಳಗೆ ನಗುವ ಮುಖ ಹಾಕಿದ್ದಳು. ಸಿಂಧು ಆ ನಗುವ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಒಬ್ಬರ ಹಿಂದೊಬ್ಬರು ತಮಗೆ ಹಿಡಿಸಿದ್ದು, ಹಿಡಿಸದ್ದು ಬರೆಯತೊಡಗಿದರು. ಯಾರೂ ಅವಳನ್ನು ಕಾಯಲಿಲ್ಲ. ವ್ಯಾಸ ಏನೂ ಬರೆಯಲಿಲ್ಲ. ಸಂಜೆ ಮಾರೇಶ, "ಪ್ರಾಕ್ಟೀಸಿಗೆ ಬಂದಿಲ್ಲ ಅಕ್ಕಾ" ಎಂದಷ್ಟೇ ಕಳಿಸಿದ.

ಭಾನುವಾರ ಇಳಿಹೊತ್ತು. ಬ್ರೂಸ್‌ಪೇಟೆಯ ಹಿಂದಿನ ಒಂದು ಮದುವೆ ಹಾಲಿನಲ್ಲಿ ಕುರ್ಚಿಗಳನ್ನು ಸರಿಸಿ ಜಾಗ ಮಾಡಿದ್ದರು. ಹುಸೇನಬಾಷಾ ಅಂಗಡಿಯಿಂದ ಗಾದಿಗಳನ್ನು ತಂದು, ದನಿ ಗೋಡೆಗೆ ಬಡಿದು ಮರಳದಿರಲೆಂದು ಹಿಂಬದಿಗೆ ಆನಿಸಿ ನಿಲ್ಲಿಸುತ್ತಿದ್ದರು. ವೇದಿಕೆಯ ನಡುವೆ ಶಾಕೀರನ ಮೈಕು, ಹಿಂದೆ ಮಾರೇಶನ ಡ್ರಮ್ಮು, ಎಡಮೂಲೆಯಲ್ಲಿ ವ್ಯಾಸನ ಸ್ಪೀಕರ್ ಡಬ್ಬಿ. ಅದರ ಮುಂದೆ ಯಾರೂ ಇರಲಿಲ್ಲ.

ಸಿಂಧು ಬಾಗಿಲ ಬಳಿಯೇ ನಿಂತಳು. ಯಾವಾಗಲೂ ಮೊದಲ ಸಾಲಿನಲ್ಲಿ ನಡುವೆ ನಿಲ್ಲುವವಳು ಅವಳು. ಶಾಕೀರ್ ವಯರು ಸುತ್ತುತ್ತ ಹತ್ತಿರವೇ ಹಾದು ಹೋದ.

"ಶಾಕೀರ್, ನನ್ನಿಂದ..."

"ಕೇಳೀನಿ ಅಕ್ಕಾ, ನೀವು ಬಸ್ಸಿನ್ಯಾಗ ಮಾತಾಡಿದ್ದು. ಅವಂಗೂ ಫೋನ್ ಹಚ್ಚಿದ್ದೆ. ಎತ್ತವಲ್ಲ," ಎಂದ. ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟು ಮಾಡಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಹುಸೇನಬಾಷಾ ಒಂದು ಗಾದಿಯ ತುದಿ ಹಿಡಿದು ಕರೆದರು. "ಬಾ ಬೇಟಿ, ಆ ಕಡಿ ಹಿಡಿ. ಬಾಗ್ಲಾಗ ನಿಂತ್ರ ಬಂದೋರು ಹಾಯೋದು ಹೆಂಗ?"

ಸಿಂಧು ಹಿಡಿದಳು. ಗಾದಿ ಭಾರವಾಗಿತ್ತು, ಹೊಸ ಹತ್ತಿಯ ವಾಸನೆ ಬರುತ್ತಿತ್ತು.

"ಬೋಣಿ ಕೆಡಿಸಿಬಿಟ್ಟೆ ಚಾಚಾ ನಾನು," ಎಂದಳು.

"ಕೆಡಿಸಿದಿ, ಖರೆ," ಎಂದರು ಹುಸೇನಬಾಷಾ, ಸಮಾಧಾನ ಹೇಳುವ ಗೋಜಿಗೆ ಹೋಗದೆ. "ನನ್ನ ಅಂಗಡ್ಯಾಗೂ ಎಷ್ಟೋ ದಿನ ಕೆಟ್ಟೈತಿ. ಮುಂಜಾನೆ ಒಬ್ಬಾಕಿ ಬಂದು ಗಾದಿ ಮುಟ್ಟಿ, ‘ಇಶ್ಶಿ, ಗಂಟು ಗಂಟು ಐತಿ’ ಅಂತ ಹೋಗಿಬಿಡ್ತಾಳ. ಅವತ್ತ ಕದ ಹಾಕಿಕೊಂಡು ಮನಿಗೆ ಹೋಗಾಕ ಬರತೈತೇನು?"

"ಮತ್ತ ಏನ್ ಮಾಡ್ತೀರಿ?"

"ಗಂಟು ಐತೇನು ಅಂತ ನಾನೂ ಒಮ್ಮಿ ಮುಟ್ಟಿ ನೋಡ್ತೀನಿ. ಇದ್ರ ಹಿಂಜತೀನಿ. ಇಲ್ದಿದ್ರ ಬಿಡ್ತೀನಿ. ಹೂಂ, ಎತ್ತು. ಇನ್ನೊಂದೀಟು ಮ್ಯಾಲ."

ಇಬ್ಬರೂ ಗಾದಿಯನ್ನು ಗೋಡೆಗೆ ಆನಿಸುವ ಹೊತ್ತಿಗೆ ಬಾಗಿಲಲ್ಲಿ ನೆರಳಾಯಿತು. ವ್ಯಾಸ ಬೆನ್ನಿಗೆ ಗಿಟಾರು ಹಾಕಿಕೊಂಡು ಒಳಗೆ ಬಂದ. ಯಾರನ್ನೂ ನೋಡಲಿಲ್ಲ, ಯಾರಿಗೂ ನಮಸ್ಕಾರ ಅನ್ನಲಿಲ್ಲ. ನೇರ ವೇದಿಕೆ ಹತ್ತಿ, ಎಡಮೂಲೆಯಲ್ಲಿದ್ದ ತನ್ನ ಸ್ಪೀಕರ್ ಡಬ್ಬಿಯ ಹಿಡಿಕೆ ಹಿಡಿದು ಎಳೆಯತೊಡಗಿದ. ಹಲಗೆಯ ಮೇಲೆ ಅದು ಕರ್ರೆಂದು ಸದ್ದು ಮಾಡುತ್ತ ನಡುವಿಗೆ ಬಂತು. ಮಾರೇಶ ಕಡ್ಡಿಗಳನ್ನು ಗಾಳಿಯಲ್ಲೇ ಹಿಡಿದು ನಿಂತ. ಮೈಕಿನ ಎದುರು ನಿಂತಿದ್ದ ಶಾಕೀರ್ ತಿರುಗಿ ನೋಡಿದ. ಆಮೇಲೆ ಮೈಕಿನ ಕೋಲನ್ನು ಎತ್ತಿ, ಒಂದು ಗೇಣು ಬಲಕ್ಕೆ ಸರಿಸಿ ಇಟ್ಟ.